ಪಾಸ್‌ಪೋರ್ಟ್‌ಗೆ ಮೊದಲು ಹೆಸರು ಸರಿಮಾಡಿಕೊಳ್ಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾಯಿತು. ಆಮೇಲೆ ಹಾಸನ, ಉಡುಪಿ, ದಾವಣಗೆರೆ, ಶಿವಮೊಗ್ಗದಂಥ ಊರುಗಳಿಗೂ ಆ ಸೌಲಭ್ಯ ಬಂತು. ಪಾಸ್‌ಪೋರ್ಟ್‌ಗಾಗಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕಾದ ಕಾಲ ಬಹುಪಾಲು ಮುಗಿದಿದೆ. ಈಗ ಜನ ಎಡವುತ್ತಿರುವುದು ಕಾಗದಪತ್ರಗಳಲ್ಲಿ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು ‘ಮಂಜುನಾಥ ಎಚ್.ಕೆ.’ ಎಂದಿದೆ. ಆಧಾರ್‌ನಲ್ಲಿ ಬರೀ ‘ಮಂಜುನಾಥ’. ಪ್ಯಾನ್‌ನಲ್ಲಿ ‘ಹೊಸಹಳ್ಳಿ ಕೆಂಚಪ್ಪ ಮಂಜುನಾಥ’. ಅರ್ಜಿಯಲ್ಲಿ ಯಾವುದನ್ನು ಬರೆಯಲಿ?
— ಓದುಗರು, ಚಳ್ಳಕೆರೆ

ಅರ್ಜಿಯಲ್ಲಿ ಹೆಸರಿಗೆ ಎರಡು ಖಾನೆಗಳಿವೆ: ಗಿವನ್ ನೇಮ್ (ಸ್ವಂತ ಹೆಸರು), ಸರ್‌ನೇಮ್ (ಅಡ್ಡಹೆಸರು). ಎರಡರಲ್ಲೂ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಎರಡೂ ಒಂದೊಂದು ಅಕ್ಷರವಾಗಿ ಹೆಸರಿನ ಜೊತೆ ಬರುತ್ತವೆ. ಅವನ್ನು ಅಡ್ಡಹೆಸರು ಎಂದು ಯಾರೂ ಬಳಸುವುದಿಲ್ಲ. ಹಾಗಾಗಿ ಅನೇಕರು ಸರ್‌ನೇಮ್ ಖಾನೆಯನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೂ ಅರ್ಜಿ ಮುಂದೆ ಹೋಗುತ್ತದೆ, ಪಾಸ್‌ಪೋರ್ಟೂ ಬರುತ್ತದೆ. ತೊಂದರೆ ಶುರುವಾಗುವುದು ವೀಸಾ ಹೊತ್ತಿಗೆ. ಅಮೆರಿಕದ ವೀಸಾದಲ್ಲಿ ನಿಮ್ಮ ಒಂಟಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಕೂರುತ್ತದೆ. ಹೆಸರು ಗೊತ್ತಿಲ್ಲ ಎಂದು ಅದರರ್ಥ. ಅಲ್ಲಿನ ಬ್ಯಾಂಕು, ಲೈಸೆನ್ಸು ಎಲ್ಲದರಲ್ಲೂ ಅದು ಬೆನ್ನು ಹತ್ತುತ್ತದೆ. ಯುಎಇ ಕೂಡ 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡುವುದಿಲ್ಲ ಎಂದಿತು. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಎಂದು ಆಮೇಲೆ ಸಡಿಲಿಸಿತು.

ನಮ್ಮ ಸಲಹೆ: ಗಿವನ್ ನೇಮ್ ‘ಮಂಜುನಾಥ’, ಸರ್‌ನೇಮ್ ‘ಹೊಸಹಳ್ಳಿ ಕೆಂಚಪ್ಪ’ ಎಂದಿರಲಿ. ತಂದೆಯ ಹೆಸರು ಅಂಕಪಟ್ಟಿಯಲ್ಲಿ ಇರುವುದರಿಂದ ‘ಕೆ’ ಎಂದರೆ ಕೆಂಚಪ್ಪ ಎನ್ನುವುದಕ್ಕೆ ಆಧಾರ ಸಿಗುತ್ತದೆ. ಊರಿನ ಹೆಸರಿಗೆ ನಿಮ್ಮ ಪ್ಯಾನ್ ಇದೆ. ಆದರೆ ಅರ್ಜಿ ಹಾಕುವ ಮೊದಲು ಆಧಾರ್‌ನಲ್ಲಿ ಪೂರ್ತಿ ಹೆಸರು ಮಾಡಿಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಇಂಗ್ಲಿಷ್ ಕಾಗುಣಿತವನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ.

ಎಲ್ಲ ಕಾರ್ಡುಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಇಂಗ್ಲಿಷ್ ಸಾಲನ್ನು ಒಂದೊಂದೇ ಅಕ್ಷರವಾಗಿ ಬೆರಳಿಟ್ಟು ಓದಿ. ಕನ್ನಡದಲ್ಲಿ ‘ಮಂಜುನಾಥ’ ಎಂದು ಎಲ್ಲ ಕಡೆ ಒಂದೇ ಥರ ಕಂಡರೂ, ಇಂಗ್ಲಿಷಿನಲ್ಲಿ ಒಂದರ ಕೊನೆಗೆ ‘ಎ’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬಸವರಾಜ, ಬಸವರಾಜು ಎನ್ನುವವರಿಗೂ ಇದೇ ಕಥೆ. ಕೌಂಟರಿನಲ್ಲಿ ಅರ್ಜಿ ತಡೆಹಿಡಿಯುವುದು ಇಂಥ ಒಂದು ಅಕ್ಷರಕ್ಕೇ.

ಸೈಬರ್ ಸೆಂಟರಿನವರು ₹3,500 ಕೇಳುತ್ತಿದ್ದಾರೆ. ಸರ್ಕಾರಿ ಶುಲ್ಕ ಎಷ್ಟು?
— ಓದುಗರು, ಅರಸೀಕೆರೆ

ವಯಸ್ಕರ ಹೊಸ ಪಾಸ್‌ಪೋರ್ಟ್‌ಗೆ 36 ಪುಟದ್ದಾದರೆ ₹1,500, 60 ಪುಟದ್ದಾದರೆ ₹2,000. 18 ವರ್ಷದೊಳಗಿನವರಿಗೆ ₹1,000. ತತ್ಕಾಲ್‌ಗೆ ಇದರ ಮೇಲೆ ₹2,000 ಸೇರುತ್ತದೆ. ನೀವು ತತ್ಕಾಲ್ ಕೇಳಿಲ್ಲದಿದ್ದರೆ, ₹1,500 ಕಳೆದು ಉಳಿದ ಹಣವೆಲ್ಲ ಸೆಂಟರಿನವರ ಕೂಲಿ. ಅರ್ಜಿ ತುಂಬಲು ಸಹಾಯ ಪಡೆಯುವುದರಲ್ಲಿ ತಪ್ಪೇನಿಲ್ಲ. ಕೂಲಿ ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ, ಶುಲ್ಕ ಕಟ್ಟಿದ ರಸೀದಿ ಕೇಳಿ ಪಡೆಯಿರಿ.

ಹಣಕ್ಕಿಂತ ಮುಖ್ಯವಾದದ್ದು ಒಂದಿದೆ. ಎಷ್ಟೋ ಕಡೆ ಸೆಂಟರಿನವರು ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ನಂಬರ್ ಹಾಕಿ ಅರ್ಜಿ ತುಂಬುತ್ತಾರೆ. ಆಗ ಅಪಾಯಿಂಟ್‌ಮೆಂಟ್, ಪೊಲೀಸ್ ಪರಿಶೀಲನೆ, ಸ್ಪೀಡ್ ಪೋಸ್ಟ್ ಕುರಿತ ಎಲ್ಲ ಸಂದೇಶಗಳೂ ಅವರಿಗೆ ಹೋಗುತ್ತವೆ. ಠಾಣೆಯಿಂದ ಕರೆ ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ. ನಿಮ್ಮ ನಂಬರನ್ನೇ ಹಾಕಿಸಿ, ಲಾಗಿನ್ ಮತ್ತು ಪಾಸ್‌ವರ್ಡ್ ಬರೆಸಿಕೊಳ್ಳಿ. ಜಾಲತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದೇ ಮುಗಿಯಬೇಕು. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡ ನಕಲಿ ತಾಣಗಳಿವೆ.

ಕಟ್ಟಿದ ಶುಲ್ಕ ಒಂದು ವರ್ಷ ನಡೆಯುತ್ತದೆ. ಅಷ್ಟರೊಳಗೆ ಮೂರು ಸಲ ದಿನಾಂಕ ಬದಲಿಸಬಹುದು. ಯಾವುದೋ ಕಾಗದ ಕಡಿಮೆಯೆಂದು ಕೌಂಟರಿನಲ್ಲಿ ‘ಹೋಲ್ಡ್’ ಮಾಡಿದರೆ, ಏನು ಬೇಕೆಂದು ಚೀಟಿ ಕೊಡುತ್ತಾರೆ. ಅದನ್ನು ತಂದುಕೊಟ್ಟರಾಯಿತು, ಮತ್ತೆ ದುಡ್ಡು ಕಟ್ಟಬೇಕಿಲ್ಲ. ಗಾಬರಿಯಾಗಿ ಹೊಸ ಅರ್ಜಿ ಹಾಕಬೇಡಿ.

ಮಗ ಬೆಂಗಳೂರಿನ ಪಿಜಿಯಲ್ಲಿದ್ದು ಕೆಲಸ ಮಾಡುತ್ತಾನೆ. ಆಧಾರ್‌ನಲ್ಲಿರುವುದು ಊರಿನ ವಿಳಾಸ. ಎಲ್ಲಿಂದ ಅರ್ಜಿ ಹಾಕಬೇಕು?
— ಓದುಗರು, ಹೊಸದುರ್ಗ

2018ರಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು. ಕೇಂದ್ರ ಯಾವುದೇ ಇರಲಿ, ಪೊಲೀಸ್ ಪರಿಶೀಲನೆ ನಡೆಯುವುದು ಅರ್ಜಿಯಲ್ಲಿ ಬರೆದ ಹಾಲಿ ವಿಳಾಸದಲ್ಲಿ. ಊರಿನ ವಿಳಾಸ ಕೊಟ್ಟರೆ ಬೀಟ್ ಪೊಲೀಸರು ಬಂದು ಕೇಳಿದಾಗ ಅಕ್ಕಪಕ್ಕದವರು ‘ಅವನು ಬೆಂಗಳೂರಲ್ಲಿದಾನೆ’ ಎಂದು ಸತ್ಯವನ್ನೇ ಹೇಳುತ್ತಾರೆ. ‘ಈ ವಿಳಾಸದಲ್ಲಿ ವಾಸವಿಲ್ಲ’ ಎಂದು ವರದಿ ಹೋಗುತ್ತದೆ, ಕಡತ ಅಲ್ಲಿಗೆ ನಿಲ್ಲುತ್ತದೆ. ಮಗ ಹಾಲಿ ವಿಳಾಸಕ್ಕೆ ಪಿಜಿಯದನ್ನೂ ಕಾಯಂ ವಿಳಾಸಕ್ಕೆ ಊರಿನದನ್ನೂ ಬರೆಯಲಿ. ಪಿಜಿಗೆ ನೋಂದಾಯಿತ ಬಾಡಿಗೆ ಕರಾರು ಪತ್ರ ಮಾಡಿಸಿಕೊಳ್ಳಬೇಕು, ಇಲ್ಲವೇ ಆಧಾರ್ ವಿಳಾಸವನ್ನೇ ಅಲ್ಲಿಗೆ ಬದಲಿಸಬೇಕು. ಪೊಲೀಸ್ ಪರಿಶೀಲನೆಗೆ ಬೇರೆ ಶುಲ್ಕವಿಲ್ಲ. ಠಾಣೆಯಲ್ಲಿ ಯಾರಿಗೂ ಏನೂ ಕೊಡಬೇಕಿಲ್ಲ.

ಅಮ್ಮನಿಗೆ 68 ವರ್ಷ, ಶಾಲೆಗೆ ಹೋದವರಲ್ಲ, ಜನನ ಪ್ರಮಾಣಪತ್ರವಿಲ್ಲ. ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ.
— ಓದುಗರು, ಸಿಂಧನೂರು

ಜನನ ಪ್ರಮಾಣಪತ್ರವೊಂದೇ ಆಗಬೇಕೆಂಬ ನಿಯಮವಿರುವುದು 2023ರ ಅಕ್ಟೋಬರ್ 1ರಂದು ಮತ್ತು ಆನಂತರ ಹುಟ್ಟಿದವರಿಗೆ. ಅಮ್ಮನಿಗೆ ಪ್ಯಾನ್, ಮತದಾರರ ಗುರುತಿನ ಚೀಟಿ, ಎಲ್‌ಐಸಿ ಬಾಂಡ್ ಯಾವುದಾದರೂ ನಡೆಯುತ್ತದೆ. ಆದರೆ ದಿನ, ತಿಂಗಳು, ವರ್ಷ ಮೂರೂ ಅದರಲ್ಲಿ ಇರಬೇಕು. ವರ್ಷ ಮಾತ್ರ ಇರುವ ಆಧಾರ್ ಸಾಲದು. ಆಧಾರ್‌ನಲ್ಲಿ ಜನ್ಮದಿನಾಂಕ ಬದಲಿಸಲು ಒಂದೇ ಅವಕಾಶ, ಹಾಗಾಗಿ ಪ್ಯಾನ್‌ನಲ್ಲಿರುವ ದಿನಾಂಕವನ್ನೇ ಅಲ್ಲಿಗೂ ಹಾಕಿಸಿ. 60 ದಾಟಿದವರಿಗೆ ಹೊಸ ಪಾಸ್‌ಪೋರ್ಟ್‌ನಲ್ಲಿ ಶೇ 10 ರಿಯಾಯಿತಿ ಇದೆ. ₹1,350 ಸಾಕು.

ಎಂಟು ತಿಂಗಳ ಮಗುವಿಗೆ ಪಾಸ್‌ಪೋರ್ಟ್ ಬೇಕು. ಯಜಮಾನರು ಮಸ್ಕತ್‌ನಲ್ಲಿದ್ದಾರೆ.
— ಓದುಗರು, ಭಟ್ಕಳ

ಮಗುವಿನ ಜನನ ಪ್ರಮಾಣಪತ್ರವನ್ನು ತೆಗೆದು, ಹೆಸರಿನ ಸಾಲು ನೋಡಿ. ಆಸ್ಪತ್ರೆಯಿಂದ ಮಾಹಿತಿ ಹೋಗುವಾಗ ನಾಮಕರಣ ಆಗಿರುವುದಿಲ್ಲ, ಆ ಜಾಗ ಖಾಲಿಯೇ ಉಳಿದಿರುತ್ತದೆ. ಜನನ ನೋಂದಾಯಿಸಿದ ಕಚೇರಿಯಲ್ಲಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸುತ್ತಾರೆ. ಆಮೇಲೂ 15 ವರ್ಷದವರೆಗೆ ಅವಕಾಶವಿದೆ, ತಡವಾದದ್ದಕ್ಕೆ ಶುಲ್ಕ ಬೀಳುತ್ತದೆ. ನಿಮಗಿನ್ನೂ ನಾಲ್ಕು ತಿಂಗಳಿದೆ. ಅಪ್ಪ ಅಮ್ಮನ ಹೆಸರಿನ ಕಾಗುಣಿತವೂ ನಿಮ್ಮಿಬ್ಬರ ದಾಖಲೆಗಳಿಗೆ ಹೊಂದಬೇಕು.

ಅಪ್ಪ ಅಮ್ಮ ಇಬ್ಬರೂ ಊರಲ್ಲಿದ್ದರೆ ಇಬ್ಬರ ಸಹಿಯ ಅನುಬಂಧ ‘ಡಿ’ (ಮಗುವಿನ ಪಾಸ್‌ಪೋರ್ಟ್‌ಗೆ ಹೆತ್ತವರು ಕೊಡುವ ಘೋಷಣಾ ಪತ್ರ) ಸಾಕಾಗುತ್ತಿತ್ತು. ಯಜಮಾನರು ಹೊರಗಿರುವುದರಿಂದ ನೀವು ‘ಡಿ’ ಕೊಡಬೇಕು, ಅವರು ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಒಪ್ಪಿಗೆಯ ಪ್ರಮಾಣಪತ್ರ ಕಳಿಸಬೇಕು. ಅದರ ಮೂಲ ಪ್ರತಿ ಕೈಗೆ ಬಂದ ಮೇಲೆಯೇ ದಿನಾಂಕ ಗೊತ್ತುಮಾಡಿ. ನಾಲ್ಕು ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ 4.5 × 3.5 ಸೆಂ.ಮೀ. ಫೋಟೊ ನೀವೇ ಒಯ್ಯಬೇಕು. ಮಗುವನ್ನು ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿನಿಂದ ತೆಗೆಸಿದರೆ ನೆರಳು ಬೀಳದೆ ಚೆನ್ನಾಗಿ ಬರುತ್ತದೆ. ಎತ್ತಿಕೊಂಡವರ ಕೈ ಕಾಣಬಾರದು.

ಗಲ್ಫ್ ಕೆಲಸಕ್ಕೆ ಹೋಗುವವನು ನಾನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ (ವಲಸೆ ಅನುಮತಿ ಬೇಕು ಎಂಬ ಗುರುತು) ಬಂದಿದೆ.
— ಓದುಗರು, ಬಸವಕಲ್ಯಾಣ

ಕೌಂಟರಿನಲ್ಲಿ ಅಂಕಪಟ್ಟಿ ತೋರಿಸದಿದ್ದರೆ ಹೀಗಾಗುತ್ತದೆ. ಹತ್ತನೇ ತರಗತಿ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಇಸಿಆರ್ ಅನ್ವಯಿಸುವುದಿಲ್ಲ, ಆದರೆ ದಾಖಲೆ ಎದುರಿಗಿರಬೇಕು. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್ ಸೇರಿ 18 ದೇಶಗಳಿಗೆ ಇಸಿಆರ್ ಇರುವವರು ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಇಸಿಆರ್ ತೆಗೆಸಲು ಮೂಲ ಅಂಕಪಟ್ಟಿಯೊಂದಿಗೆ ರೀ-ಇಷ್ಯೂ (ಪಾಸ್‌ಪೋರ್ಟ್ ಮರುವಿತರಣೆ) ಅರ್ಜಿ ಹಾಕಿ. ಪೂರ್ತಿ ಶುಲ್ಕ ಮತ್ತೆ ಕಟ್ಟಬೇಕಾಗುತ್ತದೆ.

ಪಾಸ್‌ಪೋರ್ಟ್ ಬಂದಾಗ ಮನೆಗೆ ಬೀಗ ಹಾಕಿತ್ತು. ವಾಪಸ್ ಹೋಗಿದೆ ಎನ್ನುತ್ತಾರೆ.
— ಓದುಗರು, ತೀರ್ಥಹಳ್ಳಿ

ಅದು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ ಮರಳಿರುತ್ತದೆ. ಕಡತದ ಸಂಖ್ಯೆ ಬರೆದು ಮತ್ತೆ ಕಳಿಸುವಂತೆ ಅಲ್ಲಿಗೆ ಕೋರಿಕೆ ಕೊಡಿ. ಬೇರೆ ಓದುಗರು ಗಮನಿಸಿ: ‘ಡಿಸ್‌ಪ್ಯಾಚ್’ ಸಂದೇಶ ಬಂದ ದಿನವೇ ಸ್ಪೀಡ್ ಪೋಸ್ಟ್ ಸಂಖ್ಯೆ ತೆಗೆದುಕೊಂಡು ನಿಮ್ಮೂರಿನ ಅಂಚೆಯವರಿಗೆ ತಿಳಿಸಿಡಿ, ಗುರುತಿನ ಚೀಟಿ ಕೈಯಲ್ಲಿರಲಿ. ತೋಟದ ಒಂಟಿಮನೆಗಳಿರುವ ಮಲೆನಾಡಿನಲ್ಲಿ ಅರ್ಜಿಯ ವಿಳಾಸಕ್ಕೆ ನಿಮ್ಮ ಅಂಚೆ ಕಚೇರಿಯ ಹೆಸರು ಮತ್ತು ಸರಿಯಾದ ಪಿನ್‌ಕೋಡ್ ಸೇರಿಸಿದ್ದರೆ ಅಂಚೆಯಣ್ಣ ಅರ್ಧ ದಿನ ಹುಡುಕುವುದು ತಪ್ಪುತ್ತದೆ.