ಗ್ರೂಪ್ ಹೋಮ್‌ನಲ್ಲಿ ಏನೇ ಆಕ್ಟಿವಿಟಿ ಇಟ್ಟರೂ ಯಾರೂ ಬರುತ್ತಿಲ್ಲ, ಏನು ಮಾಡಲಿ?

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಹತ್ತು ಜನ ಇರುವ ಬೆಂಗಳೂರಿನ ಮನೆಯೊಂದಕ್ಕೆ ಹೊಸದಾಗಿ ಸೇರಿದ್ದೀರಿ. ಬೆಳಿಗ್ಗೆ ಏಳಕ್ಕೆ ಯೋಗ, ಹತ್ತಕ್ಕೆ ಪೇಂಟಿಂಗ್, ಸಂಜೆ ಭಜನೆ ಅಂತ ಟೈಮ್‌ಟೇಬಲ್ ಹಾಕಿದರೂ ಒಬ್ಬಿಬ್ಬರೇ ಬರುತ್ತಾರೆ ಅಂತ ಬರೆದಿದ್ದೀರಿ. ನಾನೂ ಇಂಥದ್ದೇ ಮನೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ಆ ಟೈಮ್‌ಟೇಬಲ್ ಬರೆಯುವ ಕೆಲಸವನ್ನು ಅವರಿಗೇ ಬಿಟ್ಟುಕೊಡಿ ಅನ್ನುವುದು ನನ್ನ ಸಲಹೆ.

ಯೋಗಕ್ಕೆ ಬಾರದಿರುವುದು ಸೋಮಾರಿತನ ಅಂದುಕೊಳ್ಳಬೇಡಿ. ರಾತ್ರಿ ನುಂಗುವ ಹಲವು ಮಾತ್ರೆಗಳ ಮಂಪರು ಬೆಳಿಗ್ಗೆ ತನಕ ಇಳಿಯುವುದಿಲ್ಲ. ಕೆಲವರಿಗೆ ಕೈ ನಡುಗುತ್ತದೆ, ಬ್ರಶ್ ಹಿಡಿಯಲು ಆಗುವುದಿಲ್ಲ. ಇನ್ನು ಕೆಲವರಿಗೆ ಒಂದು ಕಡೆ ಕೂರಲಾಗದ ಚಡಪಡಿಕೆ. ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವಂಥ ಕಾಯಿಲೆ) ಇದ್ದರೆ ಕಾಯಿಲೆಯೇ ಉತ್ಸಾಹ ತಿಂದುಹಾಕುತ್ತದೆ. ಏನಿದ್ದರೂ ಹನ್ನೊಂದರ ಮೇಲೆ ಇಡಿ. ಅರ್ಧ ಗಂಟೆ ಸಾಕು. ಮಧ್ಯದಲ್ಲಿ ಎದ್ದು ಹೋದವರನ್ನು ಯಾಕೆ ಅಂತ ಕೇಳಬೇಡಿ.

ವಾರಕ್ಕೊಮ್ಮೆ ಮನೆ ಮೀಟಿಂಗ್ ಮಾಡಿ. ಈ ತಿಂಗಳು ಆಕ್ಟಿವಿಟಿಗೆ ಎಷ್ಟು ದುಡ್ಡಿದೆ ಅಂತ ಅವರ ಮುಂದೆಯೇ ಹೇಳಿ, ಖರ್ಚು ಅವರೇ ತೀರ್ಮಾನಿಸಲಿ. ಆದರೆ 'ನಿಮಗೇನಿಷ್ಟ?' ಅಂತ ಎಲ್ಲರೆದುರು ಕೇಳಿದರೆ ಉತ್ತರ ಬರುವುದಿಲ್ಲ. ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಇದ್ದವರನ್ನು ಹಾಗೆ ಯಾರು ಕೇಳಿದ್ದಾರೆ ಹೇಳಿ? ಕಾಫಿ ಕುಡಿಯುವಾಗ ಒಬ್ಬೊಬ್ಬರನ್ನೇ 'ಮೊದಲೆಲ್ಲ ಭಾನುವಾರ ಏನು ಮಾಡ್ತಿದ್ರಿ?' ಅಂತ ಕೇಳಿ ನೋಡಿ. ಯಾವ ಕ್ಲಾಸಿಗೂ ಬಾರದಿದ್ದ ನಮ್ಮ ಮನೆಯ ಅಕ್ಕ ಒಬ್ಬರು 'ಸಂತೆಗೆ ಹೋಗ್ತಿದ್ದೆ' ಅಂದರು. ಈಗ ವಾರದ ತರಕಾರಿ ತರುವುದು ಅವರೇ. ಚೌಕಾಸಿ ಮಾಡಿ, ಚಿಲ್ಲರೆ ಎಣಿಸಿ, ಮನೆಗೆ ಬಂದು ಲೆಕ್ಕ ಬರೆಸುತ್ತಾರೆ.

ಹೊರಗೆ ಹೋಗುವಾಗ ಮೂರ್ನಾಲ್ಕು ಜನ ಸಾಕು. ಸಂಸ್ಥೆಯ ಹೆಸರಿರುವ ವ್ಯಾನ್‌ನಲ್ಲಿ ಎಲ್ಲರನ್ನೂ ತುಂಬಿಕೊಂಡು ಹೋದರೆ ಜನ ಅವರನ್ನೇ ನೋಡುತ್ತಾರೆ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಫ್ರೀ. ಅದಕ್ಕೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು, ನಮ್ಮವರಲ್ಲಿ ಹಲವರ ಹತ್ತಿರ ಅದೇ ಇರುವುದಿಲ್ಲ. ಆಧಾರ್ ಮಾಡಿಸಲು ಜೊತೆಗೆ ಹೋಗುವುದನ್ನೂ ನಾನು ಆಕ್ಟಿವಿಟಿ ಅಂತಲೇ ಬರೆಯುತ್ತೇನೆ. ಲಾಲ್‌ಬಾಗ್ ಫ್ಲವರ್ ಶೋ, ಬಸವನಗುಡಿಯ ಕಡಲೆಕಾಯಿ ಪರಿಷೆ ಎಲ್ಲಾ ಚೆನ್ನಾಗಿವೆ. ಗದ್ದಲ ಆಗದವರು ಇದ್ದರೆ ರಜೆ ಇಲ್ಲದ ದಿನ ನೋಡಿಕೊಂಡು ಹೋಗಿ.

ಓದಿನ ವಿಷಯ. ಈ ಕಾಯಿಲೆಗಳು ಹೆಚ್ಚಾಗಿ ಹದಿನೆಂಟು, ಇಪ್ಪತ್ತರ ಆಸುಪಾಸಿನಲ್ಲೇ ಶುರುವಾಗುತ್ತವೆ. ಹಾಗಾಗಿ ಓದು ಅರ್ಧಕ್ಕೆ ನಿಂತವರು ಜಾಸ್ತಿ. ಅಂಥವರಿಗೆ ಎನ್‌ಐಒಎಸ್ ಓಪನ್ ಸ್ಕೂಲ್ (ಶಾಲೆಗೆ ದಿನಾ ಹೋಗದೆ ಹತ್ತನೇ, ಹನ್ನೆರಡನೇ ತರಗತಿ ಪರೀಕ್ಷೆ ಬರೆಯಲು ಇರುವ ಕೇಂದ್ರ ಸರ್ಕಾರದ ಮುಕ್ತ ಶಾಲೆ) ಅನುಕೂಲ. ಐದು ವರ್ಷದೊಳಗೆ ಒಂದೊಂದೇ ವಿಷಯ ಬರೆದು ಪಾಸಾಗಬಹುದು. ಎಲ್ಲರಿಗೂ ಪರೀಕ್ಷೆ ಬೇಕಾಗಿಲ್ಲ. ಮೊಬೈಲ್‌ನಲ್ಲಿ ದುಡ್ಡು ಕಳಿಸುವುದು, ತನ್ನ ಮಾತ್ರೆಯ ಹೆಸರು ಓದುವುದು ಕಲಿತರೂ ದೊಡ್ಡದೇ.

ಒಂದು ವಿಷಯಕ್ಕೆ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 20ನೇ ಸೆಕ್ಷನ್ ಇಂಥ ಕಡೆ ಇರುವವರಿಗೆ ಮನರಂಜನೆ, ಶಿಕ್ಷಣದ ಸೌಲಭ್ಯ ಹಕ್ಕು ಅನ್ನುತ್ತದೆ. ಬಲವಂತವಾಗಿ ಕೆಲಸ ಮಾಡಿಸಬಾರದು, ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕು ಅಂತಲೂ ಅಲ್ಲೇ ಇದೆ. ಅಂದರೆ 'ಥೆರಪಿ' ಅಂತ ಮೇಣದಬತ್ತಿ, ಪೇಪರ್ ಕವರ್ ಮಾಡಿಸಿ ಸ್ಟಾಲ್‌ನಲ್ಲಿ ಮಾರಿದರೆ ಆ ಕೂಲಿ ಅವರ ಖಾತೆಗೇ ಹೋಗಬೇಕು. ದಾನಿಗಳಿಗೆ ಕಳಿಸುವ ಫೋಟೋಗೂ ಒಬ್ಬೊಬ್ಬರ ಒಪ್ಪಿಗೆ ಕೇಳಿ. ಬೇಡ ಅಂದವರನ್ನು ಒತ್ತಾಯ ಮಾಡಬೇಡಿ.

ಮ್ಯಾನೇಜ್‌ಮೆಂಟ್‌ನವರು ಹಾಜರಿ ಪುಸ್ತಕ ಕೇಳುತ್ತಾರೆ, ಗೊತ್ತು. ಕೊಡಿ. ಅದರಲ್ಲೇ ಇನ್ನೆರಡು ಕಾಲಂ ಹಾಕಿ: ಇದನ್ನು ಯಾರು ಕೇಳಿದ್ದು, ಸಿಬ್ಬಂದಿ ಇಲ್ಲದೆ ಯಾರು ಹೋಗಿ ಬಂದರು. ಮೊದಲ ತಿಂಗಳುಗಳಲ್ಲಿ ಎರಡೂ ಖಾಲಿಯೇ ಇರಬಹುದು. ಹೆದರಿಕೊಂಡು ಮತ್ತೆ ಬೆಳಿಗ್ಗೆ ಏಳರ ಯೋಗ ಶುರು ಮಾಡಬೇಡಿ.