ನನ್ನ ಫಿಲ್ಮ್ ಕ್ಯಾಮೆರಾದ 24 ಎಂಎಂ ಲೆನ್ಸ್‌ಗೆ ಫಿಲ್ಟರ್, ಹುಡ್ (ನೆರಳಿನ ಮರೆ) ಹಾಕಿದರೆ ಫೋಟೋದ ಮೂಲೆ ಕಪ್ಪಾಗುತ್ತೆ. ಯಾವ ಸ್ಲಿಮ್ ಫಿಲ್ಟರ್ ತಗೊಳ್ಳಲಿ?

ಯಾವುದೂ ತಗೋಬೇಡಿ. ನಿಕಾನ್ ಎಫ್‌ಎಂ2, 24 ಎಂಎಂ ಎಫ್ 2.8, ಯುವಿ ಫಿಲ್ಟರ್ ಮೇಲೆ ಪೋಲರೈಸರ್ (ಆಕಾಶ ಗಾಢ ಮಾಡೋ ಫಿಲ್ಟರ್), ಅದರ ಮೇಲೆ ಹುಡ್ ಅಂತ ಬರೆದಿದ್ದೀರಲ್ಲ, ಅದನ್ನೇ ಹಾಕಿಕೊಂಡು ನಾನು ಮೇಲುಕೋಟೆಯಲ್ಲಿ ಎರಡು ರೀಲು ಕಳೆದುಕೊಂಡೆ. ರಾಯಗೋಪುರದ ಕಂಬಗಳು, ಹಿಂದೆ ಮೋಡವಿಲ್ಲದ ಆಕಾಶ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡೋ ಕಿಂಡಿ) ಸಣ್ಣಗೆ, ಎಫ್ 11ರಲ್ಲಿ. ವ್ಯೂಫೈಂಡರ್‌ನಲ್ಲಿ ನಾಲ್ಕೂ ಮೂಲೆ ಚೆನ್ನಾಗೇ ಕಾಣ್ತಿತ್ತು. ಮೊದಲ ರೀಲನ್ನು ಮೈಸೂರಲ್ಲಿ ತೊಳೆಸಿ 4×6 ಪ್ರಿಂಟ್ ಹಾಕಿಸಿದಾಗಲೂ ಮೂಲೆ ಚೂರು ಮಂಕು, ಅಷ್ಟೆ. ಅದೇ ಧೈರ್ಯದ ಮೇಲೆ ಎರಡನೇ ರೀಲೂ ಹಾಗೇ ತೆಗೆದೆ. ಒಂದು ಫ್ರೇಮ್ ದೊಡ್ಡದು ಮಾಡಿಸೋಣ ಅಂತ ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದಾಗ ಗೊತ್ತಾಯ್ತು. ಆಕಾಶ ಇರೋ ಕಡೆಯೆಲ್ಲ ದಟ್ಟವಾಗಿದೆ, ನಾಲ್ಕು ಮೂಲೆಯಲ್ಲಿ ಮಾತ್ರ ಕತ್ತರಿಸಿದ ಉಗುರಿನ ಚೂರಿನ ಹಾಗೆ ಖಾಲಿ ಕಿತ್ತಳೆ ಫಿಲ್ಮು. ಅಲ್ಲಿಗೆ ಬೆಳಕೇ ಬಿದ್ದಿಲ್ಲ. ಬೆಳಕು ಬೀಳದ ಮೂಲೆಯನ್ನು ಆಮೇಲೆ ಯಾರೂ ತಿದ್ದಿಕೊಡೋಕಾಗಲ್ಲ.

ಇದೆಲ್ಲ ಆಗಿದ್ದು ವ್ಯೂಫೈಂಡರನ್ನು ನಂಬಿದ್ದರಿಂದ. ಈ ವಿಷಯದಲ್ಲಿ ಅದು ಎರಡು ರೀತಿ ಮೋಸ ಮಾಡುತ್ತೆ. ಒಂದು, ಎಫ್‌ಎಂ2 ವ್ಯೂಫೈಂಡರ್ ಫಿಲ್ಮಿಗೆ ಬೀಳೋದರಲ್ಲಿ ಸುಮಾರು 93% ಮಾತ್ರ ತೋರಿಸುತ್ತೆ. ಬಿಟ್ಟುಹೋಗೋ ಅಂಚಿನಲ್ಲೇ ಕಪ್ಪು ಮೂಲೆ ಕೂತಿರುತ್ತೆ. ನಿಕಾನ್‌ನದೇ ಎಫ್3 ಥರ 100% ತೋರಿಸೋ ಕ್ಯಾಮೆರಾ ಆಗಿದ್ರೆ ಬೇರೆ ಮಾತು. ಎರಡನೇದು ಇನ್ನೂ ಮುಖ್ಯ: ನೀವು ನೋಡುವಾಗ ಲೆನ್ಸ್ ಪೂರ್ತಿ ತೆರೆದಿರುತ್ತೆ, ಎಫ್ 2.8ರಲ್ಲಿ. ಆಗ ಮೂಲೆಗೆ ಹೋಗೋ ಬೆಳಕಿನ ಕಟ್ಟು ದಪ್ಪ. ಫಿಲ್ಟರ್ ರಿಂಗ್ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಡೆದರೂ ಉಳಿದದ್ದು ಒಳಗೆ ಬರುತ್ತೆ, ಮೂಲೆ ಸ್ವಲ್ಪ ಮಂಕಾಗುತ್ತೆ, ಕಣ್ಣು ಅದನ್ನು ಗಮನಿಸಲ್ಲ. ಕ್ಲಿಕ್ ಮಾಡಿದ ಗಳಿಗೆಯಲ್ಲಿ ಅಪರ್ಚರ್ ಎಫ್ 11ಕ್ಕೆ ಮುಚ್ಚಿಕೊಂಡಾಗ ಅದೇ ಕಟ್ಟು ದಾರದಷ್ಟು ಸಣ್ಣಗಾಗುತ್ತೆ. ದಾರದ ದಾರಿಗೆ ರಿಂಗ್ ಅಡ್ಡ ಇದ್ರೆ ಪೂರ್ತಿ ಬಂದ್. ಅದಕ್ಕೇ ಮಂಕಾಗಿದ್ದ ಮೂಲೆ ಗೆರೆ ಎಳೆದ ಹಾಗೆ ಕಪ್ಪಾಗೋದು. ತಿರುಗಾಮುರುಗಾನೂ ಆಗುತ್ತೆ: ರಿಂಗ್ ಕಟ್ಟಿನ ಹೊರ ಅಂಚನ್ನಷ್ಟೇ ಸವರುತ್ತಿದ್ರೆ ಅಪರ್ಚರ್ ಮುಚ್ಚಿದಾಗ ಮೂಲೆ ತಿಳಿಯಾಗುತ್ತೆ. ಹಾಗಾಗಿ ಯಾವ ಅಪರ್ಚರ್‌ನಲ್ಲಿ ತೆಗೀತೀರೋ ಅದರಲ್ಲೇ ಪರೀಕ್ಷೆ ಮಾಡಬೇಕು. ಫೋಕಸ್ ಇನ್ಫಿನಿಟಿಯಲ್ಲಿ (ಅತಿ ದೂರಕ್ಕೆ) ಇರಲಿ, ಯಾಕಂದ್ರೆ ಹೆಚ್ಚಿನ ಲೆನ್ಸ್‌ಗಳು ಅತಿ ಅಗಲವಾಗಿ ನೋಡೋದು ಅಲ್ಲೇ. ಲ್ಯಾಬಿನ ಪ್ರಿಂಟನ್ನೂ ನಂಬಬೇಡಿ, ಅದು ಸುತ್ತಲೂ ಚೂರು ಕತ್ತರಿಸಿಬಿಡುತ್ತೆ. ನೆಗೆಟಿವ್ ನೋಡಿ.

ಈಗ ಲೆಕ್ಕ. 24 ಎಂಎಂ ಲೆನ್ಸ್ ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತೆ, ಅಂದ್ರೆ ನಡುವಿನಿಂದ ಪ್ರತಿ ಕಡೆಗೆ 42. ಈ ಕೋನದಲ್ಲಿ ರಿಂಗ್ 1 ಮಿಮೀ ಮುಂದಕ್ಕೆ ಬಂದರೆ, ಮೂಲೆಗೆ ಅಡ್ಡ ಬರದಿರೋಕೆ ಅದರ ವ್ಯಾಸ ಸುಮಾರು 1.8 ಮಿಮೀ ಹಿಗ್ಗಬೇಕು. 5 ಮಿಮೀ ಮುಂದಕ್ಕೆ ಬಂದರೆ 9 ಮಿಮೀ. 50 ಎಂಎಂ ಲೆನ್ಸ್‌ನಲ್ಲಿ ಅದೇ 5 ಮಿಮೀಗೆ ನಾಲ್ಕು ಚಿಲ್ಲರೆ, 105ರಲ್ಲಿ ಎರಡು ಸಾಕು. ನಾರ್ಮಲ್ ಲೆನ್ಸ್‌ನಲ್ಲಿ ಎರಡು ಫಿಲ್ಟರ್ ಹಾಕಿದರೂ ಏನೂ ಆಗದೆ, 24ಕ್ಕೆ ಬಂದ ಕೂಡಲೇ ಕೈಕೊಡೋದು ಇದಕ್ಕೆ. ಸ್ಲಿಮ್ ಫಿಲ್ಟರ್ ಉಳಿಸಿಕೊಡೋದು ಒಂದೆರಡು ಮಿಮೀ. ಎಷ್ಟೋ ಸ್ಲಿಮ್ ಫಿಲ್ಟರಿಗೆ ಮುಂದೆ ಥ್ರೆಡ್ಡೇ ಇರಲ್ಲ, ಲೆನ್ಸ್ ಕ್ಯಾಪೂ ಕೂರಲ್ಲ, ಹುಡ್ಡೂ ಹತ್ತಲ್ಲ. ನಿಮ್ಮಲ್ಲಿರೋ ಯುವಿಯನ್ನು ತೆಗೆದುಬಿಟ್ಟರೆ ಅದಕ್ಕಿಂತ ಹೆಚ್ಚು ಉಳಿಯುತ್ತೆ, ದುಡ್ಡೂ ಬೇಡ. ಪೋಲರೈಸರ್ ಹಾಕಿದಾಗ ಯುವಿ ಲೆನ್ಸ್ ಮೇಲೆ ಇರಲೇಬಾರದು. ಒಂದು ಹೊತ್ತಿಗೆ ಒಂದೇ ಗಾಜು.

ಹುಡ್ ವಿಷಯ ಬೇಗ ಹೇಳ್ತೀನಿ. 52 ಮಿಮೀ ಥ್ರೆಡ್ ಹೊಂದಿತು ಅಂತ 50 ಎಂಎಂ ಹುಡ್ಡನ್ನು 24ಕ್ಕೆ ಹಾಕಬೇಡಿ. ನಿಕಾನ್ 24ಕ್ಕೆ ಎಚ್‌ಎನ್-1, 28 ಎಫ್ 2.8ಕ್ಕೆ ಎಚ್‌ಎನ್-2, 35 ಎಫ್ 2ಕ್ಕೆ ಎಚ್‌ಎನ್-3 ಅಂತ ಬೇರೆ ಬೇರೆ ಮಾಡಿದ್ದು ಸುಮ್ಮನೆ ಅಲ್ಲ. ದಳದ ಆಕಾರದ ಹುಡ್ ಥ್ರೆಡ್ಡಿನ ಮೇಲೆ ತಿರುಗಿಸೋದಾದ್ರೆ ಬೇಡವೇ ಬೇಡ, ಬಿಗಿಯಾಗಿ ನಿಂತ ಕಡೆ ಉದ್ದದ ದಳ ಮೂಲೆಗೇ ಬರಬಹುದು.

ಪೋಲರೈಸರ್ ಬೇಕೇ ಬೇಕು ಅಂದ್ರೆ 52ರಿಂದ 62ಕ್ಕೆ ಸ್ಟೆಪ್-ಅಪ್ ರಿಂಗ್ (ಸಣ್ಣ ಥ್ರೆಡ್ಡಿಗೆ ದೊಡ್ಡ ಫಿಲ್ಟರ್ ಕೂರಿಸೋ ರಿಂಗ್) ಹಾಕಿ 62ರ ಪೋಲರೈಸರ್ ತಗೊಳ್ಳಿ. ರಿಂಗೂ ಒಂದೆರಡು ಮಿಮೀ ಮುಂದಕ್ಕೆ ತಳ್ಳುತ್ತೆ ಅನ್ನೋದು ನೆನಪಿರಲಿ. ಎಫ್‌ಎಂ2ಗೆ ಹಳೆಯ ಲೀನಿಯರ್ ಪೋಲರೈಸರ್ ಸಾಕು, ಎಫ್3ಗಾದರೆ ಸರ್ಕ್ಯುಲರ್ ಬಗೆಯದು ಬೇಕಾಗುತ್ತೆ. ಪೋಲರೈಸರ್ ಇದ್ದಾಗ ಹುಡ್ ಬಿಟ್ಟು ಅಂಗೈಯಲ್ಲಿ ನೆರಳು ಮಾಡಿ. ನೆರಳು ಗಾಜಿನ ಮೇಲೆ ಬಿದ್ದ ಕೂಡಲೇ ಕೈ ನಿಲ್ಲಿಸಿ, ಇನ್ನೂ ಒಳಕ್ಕೆ ತಂದರೆ ವ್ಯೂಫೈಂಡರ್‌ನಲ್ಲಿ ಕಾಣದ ಅಂಚಿನಲ್ಲಿ ಬೆರಳು ಬರುತ್ತೆ. ಇನ್ನೊಂದು, 84 ಡಿಗ್ರಿಯಲ್ಲಿ ಪೋಲರೈಸರ್ ಆಕಾಶವನ್ನು ಸಮನಾಗಿ ಕಪ್ಪು ಮಾಡಲ್ಲ. ಸೂರ್ಯನಿಂದ 90 ಡಿಗ್ರಿ ಇರೋ ಕಡೆ ಪಟ್ಟೆಯ ಹಾಗೆ ಗಾಢವಾಗುತ್ತೆ. ಅದನ್ನೂ ವಿಗ್ನೆಟಿಂಗ್ (ಮೂಲೆ ಕಪ್ಪಾಗೋದು) ಅಂದುಕೊಂಡು ಫಿಲ್ಟರ್ ಬದಲಾಯಿಸೋರಿದ್ದಾರೆ.

ರೀಲು ಖರ್ಚಿಲ್ಲದೆ ಪರೀಕ್ಷೆ ಮಾಡೋದು ಹೀಗೆ. ಕ್ಯಾಮೆರಾದಲ್ಲಿ ಫಿಲ್ಮ್ ಇರಬಾರದು. ಹಿಂದಿನ ಬಾಗಿಲು ತೆಗೆಯಿರಿ, ಶಟರ್ ಡಯಲನ್ನು ‘B’ಗೆ (ಒತ್ತಿರೋವಷ್ಟು ಹೊತ್ತೂ ತೆರೆದಿರೋ ಸ್ಥಾನ) ಇಡಿ, ಕೇಬಲ್ ರಿಲೀಸ್ ಒತ್ತಿ ಲಾಕ್ ಮಾಡಿ. ಲೆನ್ಸ್ ಇನ್ಫಿನಿಟಿ, ಅಪರ್ಚರ್ ಎಫ್ 11, ಫಿಲ್ಟರ್ ಹುಡ್ ಎಲ್ಲ ನೀವು ತೆಗೆಯೋ ಹಾಗೇ ಇರಲಿ. ಕಿಟಕಿಯ ಕಡೆ ಹಿಡಿದು, ಫಿಲ್ಮ್ ಕೂರೋ ಚೌಕದ ಒಂದು ಮೂಲೆಯ ತುದಿಯ ಮೂಲಕ ಒಳಗೆ ನೋಡಿ. ಸಣ್ಣ ಬೆಳಕಿನ ಕಿಂಡಿ ಇಡಿಯಾಗಿ ಕಂಡರೆ ಆ ಮೂಲೆ ಸರಿ. ಕಿಂಡಿಯನ್ನು ರಿಂಗಿನ ನೆರಳು ಕತ್ತರಿಸಿದರೆ ಮಂಕು, ನುಂಗಿದರೆ ಕಪ್ಪು. ನಾಲ್ಕೂ ಮೂಲೆ ನೋಡಿ. ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗಾಗಿರುತ್ತೆ, ಕೆಳಗಿನ ಮೂಲೆಯಲ್ಲಿ ಕಂಡದ್ದು ಫೋಟೋದ ಮೇಲಿನ ಮೂಲೆ. ಶಟರಿನ ತೆಳು ತಗಡುಗಳಿಗೆ ಬೆರಳು ತಾಗಿಸಬೇಡಿ.

ಈಗಾಗಲೇ ತೆಗೆದ ನೆಗೆಟಿವ್ ಇದ್ರೆ ಅದೇ ಕಾರಣ ಹೇಳುತ್ತೆ. ನಾಲ್ಕೂ ಮೂಲೆಯಲ್ಲಿ ಒಂದೇ ಸಮ ಕಮಾನು ಇದ್ರೆ ಫಿಲ್ಟರ್‌ಗಳ ರಾಶಿ, ಇಲ್ಲವೇ ಲೆನ್ಸಿಗೆ ಹೊಂದದ ದುಂಡು ಹುಡ್. ಒಂದೇ ಕಡೆಗೆ ವಾಲಿದ್ರೆ ಹುಡ್ ಸರಿಯಾಗಿ ಕೂತಿಲ್ಲ, ಇಲ್ಲವೇ ರಬ್ಬರ್ ಹುಡ್ ಅರ್ಧ ಮಡಚಿಕೊಂಡಿದೆ. ಎಫ್ 2.8ರಲ್ಲಿ ಮಾತ್ರ ಮೆತ್ತಗೆ ಮಂಕಾಗಿ ಎಫ್ 8ಕ್ಕೆ ತಿಳಿಯಾದ್ರೆ ಅದು ಬಹುಮಟ್ಟಿಗೆ ಲೆನ್ಸಿನದೇ ಗುಣ. ಸೋಮನಾಥಪುರದ ಒಳಗಿನ ಛಾವಣಿಯಂಥ ಕತ್ತಲ ಜಾಗದಲ್ಲಿ ಯಾವ ತಪ್ಪೂ ಕಾಣಲ್ಲ, ಬರೀ ಆಕಾಶ ಇರೋ ಫ್ರೇಮ್ ನೋಡಿ.

ಯುವಿ ಬಿಗಿಯಾಗಿ ಕೂತು ಬಿಚ್ಚಲು ಬರದಿದ್ರೆ ಇಕ್ಕಳ ತರಬೇಡಿ, ರಿಂಗ್ ಸೊಟ್ಟಗಾಗಿ ಇನ್ನೂ ಕಚ್ಚಿಕೊಳ್ಳುತ್ತೆ. ತೊಳೆದು ಒಣಗಿಸಿದ ಹವಾಯಿ ಚಪ್ಪಲಿಯ ಮೇಲ್ಮೈಗೆ ಫಿಲ್ಟರಿನ ಮುಖ ಮೆಲ್ಲಗೆ ಒತ್ತಿ, ಲೆನ್ಸನ್ನು ಎಡಕ್ಕೆ ತಿರುಗಿಸಿ. ಒತ್ತಡ ಸುತ್ತಲೂ ಸಮನಾಗಿ ಬಿದ್ದರೆ ಬಿಚ್ಚಿಕೊಳ್ಳುತ್ತೆ.