ಇಂಟರ್‌ವ್ಯೂನಲ್ಲಿ ಕೂತ ತಕ್ಷಣ ಗೊತ್ತಿರುವುದೂ ಮರೆತುಹೋಗುತ್ತದೆ, ಏನು ಮಾಡಲಿ?

ಒಳಗೆ ಹೋಗಿ ಕೂತ ತಕ್ಷಣ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ಮನೆಯಲ್ಲಿ ಸರಾಗವಾಗಿ ಹೇಳುತ್ತಿದ್ದ ಉತ್ತರ ಅಲ್ಲಿ ನಾಲಿಗೆಗೇ ಬರುವುದಿಲ್ಲ ಅಂತ ಬರೆದಿದ್ದೀರಿ. ನಾನು ಅಭ್ಯರ್ಥಿಯಾಗಿಯೂ ಕೂತಿದ್ದೇನೆ, ಕೆಲವು ವರ್ಷಗಳಿಂದ ಪ್ರಶ್ನೆ ಕೇಳುವವರ ಸಾಲಿನಲ್ಲೂ ಕೂರುತ್ತಿದ್ದೇನೆ. ಆ ಕಡೆ ಕೂತಾಗ ಗೊತ್ತಾದದ್ದನ್ನೇ ಮೊದಲು ಹೇಳುತ್ತೇನೆ. ನಿಮ್ಮ ಭಯ ನಿಮಗೆ ಅನ್ನಿಸುವಷ್ಟು ನಮಗೆ ಕಾಣುವುದಿಲ್ಲ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಎದೆ ಡವಡವ ಅನ್ನುವುದು ನಿಮಗೆ ಮಾತ್ರ ಕೇಳಿಸುತ್ತದೆ, ಅಲ್ವಾ? ಕೆನೆತ್ ಸವಿಟ್ಸ್‌ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನಃಶಾಸ್ತ್ರಜ್ಞರು ಜನರಿಂದ ಭಾಷಣ ಮಾಡಿಸಿ ಇದನ್ನು ನೋಡಿದ್ದಾರೆ. ಅವರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತಾವು ಎಷ್ಟು ಗಾಬರಿಯಾಗಿದ್ದೇವೆ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ ಅಂದುಕೊಂಡಿದ್ದರು ಭಾಷಣ ಮಾಡಿದವರು. ಕೇಳಿದವರಿಗೆ ಅಷ್ಟೊಂದು ಗೊತ್ತಾಗಿರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಈ ವಿಷಯವನ್ನು ಯಾರಿಗೆ ಮೊದಲೇ ತಿಳಿಸಿದ್ದರೋ ಅವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ನಮಗಿರುವುದು ಎರಡು ಭಯ: ಒಂದು ಇಂಟರ್‌ವ್ಯೂನದು, ಇನ್ನೊಂದು ಭಯ ಬಯಲಾಗುತ್ತದೆ ಎನ್ನುವುದು. ಎರಡನೆಯದನ್ನು ಇವತ್ತೇ ಬಿಟ್ಟುಬಿಡಬಹುದು.

ಮರೆವಿನ ವಿಷಯಕ್ಕೆ ಬರೋಣ. ಉತ್ತರಗಳನ್ನು ನೀವು ಬಾಯಿಪಾಠ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಬಾಯಿಪಾಠದಲ್ಲಿ ಒಂದು ಪದ ತಪ್ಪಿದರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರಂತೂ ಮುಗಿಯಿತು. ಅದರ ಬದಲು ನಿಮ್ಮ ಓದಿನಿಂದ, ಕೆಲಸದಿಂದ ನಿಜವಾಗಿ ನಡೆದ ನಾಲ್ಕೈದು ಘಟನೆಗಳನ್ನು ಆರಿಸಿಕೊಳ್ಳಿ. ಏನು ತೊಂದರೆ ಬಂತು, ನೀವೇನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟು ಸಾಕು. ತಂಡದಲ್ಲಿ ಜಗಳ, ಕೊನೆ ಗಳಿಗೆಯ ಕೆಲಸ, ಕೈಕೊಟ್ಟ ಪ್ರಯತ್ನ, ಹೀಗೆ ಯಾವುದರ ಬಗ್ಗೆ ಕೇಳಿದರೂ ಇವುಗಳಲ್ಲೇ ಒಂದು ಹೊಂದುತ್ತದೆ. ನಡೆದದ್ದನ್ನು ಹೇಳುವಾಗ ಪದ ಹುಡುಕಬೇಕಾಗುವುದಿಲ್ಲ. ಮನಸ್ಸಿನಲ್ಲೇ ಹೇಳಿಕೊಂಡರೆ ಅದು ಅಭ್ಯಾಸ ಅಲ್ಲ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಗಟ್ಟಿಯಾಗಿ ಹೇಳಬೇಕು. ಮುಜುಗರ ಆಗುತ್ತದೆ, ಆಗಲಿ.

ಒಂದಕ್ಕೆ ಮಾತ್ರ ವಿನಾಯಿತಿ. 'ನಿಮ್ಮ ಬಗ್ಗೆ ಹೇಳಿ' ಎಂಬುದು ಹೆಚ್ಚು ಕಡಿಮೆ ಎಲ್ಲ ಕಡೆ ಬರುವ ಮೊದಲ ಪ್ರಶ್ನೆ. ನಡುಕ ಜಾಸ್ತಿ ಇರುವುದೂ ಆಗಲೇ. ಅದರ ಮೊದಲ ಎರಡು ವಾಕ್ಯಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ರೂಢಿ ಮಾಡಿಕೊಳ್ಳಿ.

ಆದರೂ ತಲೆ ಖಾಲಿಯಾದರೆ? 'ಸ್ವಲ್ಪ ಯೋಚಿಸಿ ಹೇಳಲೇ ಸರ್' ಅನ್ನಿ. ಇದಕ್ಕೆ ನಾವು ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದುಬಿಡಿ. ಗೊತ್ತಿಲ್ಲದ ವಿಷಯದ ಸುತ್ತ ಐದು ನಿಮಿಷ ಗಿರಕಿ ಹೊಡೆಯುವವರನ್ನು ಕಂಡರೆ ಮಾತ್ರ ನಮಗೆ ಬೇಸರ.

ಇನ್ನು ಎದುರಿಗೆ ಕೂತವರ ಮುಖ. ಎಷ್ಟೋ ಜನ ಅದನ್ನು ಓದಲು ಹೋಗಿಯೇ ಕಂಗಾಲಾಗುತ್ತಾರೆ. ಔಪಚಾರಿಕ ಸಂದರ್ಶನಗಳಲ್ಲಿ ಅನೇಕ ಕಡೆ ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ, ಪ್ರತಿ ಉತ್ತರಕ್ಕೂ ಆಗಲೇ ಅಂಕ ಬರೆಯಬೇಕು. ಹಾಗಾಗಿ ನಾವು ತಲೆ ತಗ್ಗಿಸಿ ಬರೆಯುತ್ತಿರುತ್ತೇವೆ. ಒಬ್ಬರಿಗೆ ತಲೆಯಾಡಿಸಿ ಇನ್ನೊಬ್ಬರಿಗೆ ಆಡಿಸದಿದ್ದರೆ ಸರಿಯಲ್ಲ ಅಂತ ಬೇಕೆಂದೇ ಮುಖ ಬಿಗಿಹಿಡಿದಿರುತ್ತೇವೆ. ಗಡಿಯಾರ ನೋಡಿದರೆ ಹೊರಗೆ ಮುಂದಿನವರು ಕಾಯುತ್ತಿದ್ದಾರೆ ಅಂತ ಅಷ್ಟೇ.

ಬಾಯಿ ಒಣಗುವುದು ದೇಹದ ಸಹಜ ಕೆಲಸ. ಗಾಬರಿಯಾದಾಗ ಜೊಲ್ಲು ಕಡಿಮೆಯಾಗುತ್ತದೆ. ನೀರು ಕೇಳಿ ಕುಡಿಯಿರಿ, ಯೋಚಿಸಲು ನಾಲ್ಕು ಸೆಕೆಂಡೂ ಸಿಗುತ್ತದೆ. ಹೊರಗೆ ಕಾಯುವಾಗ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಉಸಿರು ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಕಾಫಿ ದಿನಾ ಕುಡಿಯುವಷ್ಟೇ ಇರಲಿ, ಹೆಚ್ಚಿಗೆ ಬೇಡ. ಪೂರ್ತಿ ಬಿಟ್ಟರೂ ತಲೆನೋವು ಬಂದೀತು.

'ಶಾಂತವಾಗಿರು' ಅಂತ ನಿಮಗೆ ನೀವೇ ಹೇಳಿಕೊಳ್ಳಬೇಡಿ. ಓಡುತ್ತಿರುವ ಎದೆ ಮಾತು ಕೇಳಿ ನಿಲ್ಲುವುದಿಲ್ಲ. ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರ ಅಧ್ಯಯನದಲ್ಲಿ ಕೆಲವರಿಂದ ಭಾಷಣಕ್ಕೆ ಮುಂಚೆ 'ನಾನು ಶಾಂತವಾಗಿದ್ದೇನೆ' ಅಂತಲೂ ಕೆಲವರಿಂದ 'ನನಗೆ ಹುರುಪು ಬಂದಿದೆ' ಎಂಬರ್ಥದ ಮಾತನ್ನೂ ಹೇಳಿಸಿದರು. ಹುರುಪು ಅಂದವರೇ ಚೆನ್ನಾಗಿ ಮಾತಾಡಿದರು. ನನಗೆ ಇದು ಮೊದಲು ಬಾಲಿಶ ಅನ್ನಿಸಿತ್ತು. ಈಗ ಬಾಗಿಲ ಹೊರಗೆ ಕಾಯುವಾಗ ನಾನೂ ಹೇಳಿಕೊಳ್ಳುತ್ತೇನೆ, ಮೆಲ್ಲಗೆ, ಯಾರಿಗೂ ಕೇಳದ ಹಾಗೆ.

ಗೆಳೆಯರು ಹೇಳಿದರು ಅಂತ ನಡುಕ ನಿಲ್ಲಿಸುವ ಮಾತ್ರೆ ಮಾತ್ರ ನುಂಗಬೇಡಿ. ಸಾಮಾನ್ಯವಾಗಿ ಅದಕ್ಕೆ ಬಳಸುವ ಪ್ರೊಪ್ರನೊಲಾಲ್ ವೈದ್ಯರು ನೋಡಿ ಕೊಡಬೇಕಾದದ್ದು, ಅಸ್ತಮಾ ಇದ್ದವರಿಗೆ ಅಪಾಯ. ವಾರಗಟ್ಟಲೆ ನಿದ್ದೆ ಹೋಗುತ್ತಿದ್ದರೆ, ಭಯಕ್ಕೆ ಇಂಟರ್‌ವ್ಯೂಗಳನ್ನೇ ತಪ್ಪಿಸುತ್ತಿದ್ದರೆ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಒಮ್ಮೆ ಕಾಣಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.